ಬಸ್ಸಿನಿಂದ ಇಳಿದ ಮಾತುಗಳು

ತೆಳು ಬಟ್ಟೆಯ ಗಂಟಿನಿಂದ ಸುಣ್ಣದ ಪುಡಿ ಉದುರುತ್ತಿತ್ತು. ಅಕ್ಕಯ್ಯಮ್ಮ ಗಂಟನ್ನು ತಟ್ಟೆಯ ಮೇಲೆ ಮೆಲ್ಲಗೆ ಕುಲುಕುತ್ತಾ, ಒಂದು ಮುಗಿದರೆ ಕೆಳಗಿನದಕ್ಕೆ ಬಗ್ಗುತ್ತಾ, ಹುಳುಮನೆಯ ಅರ್ಧ ಸುತ್ತು ಮುಗಿಸಿದ್ದಳು. ಕಿಟಕಿಗೆ ಕಟ್ಟಿದ ಗೋಣಿಯ ಸಂದಿಯಿಂದ ನುಸುಳಿದ ಬಿಸಿಲಿನ ಕೋಲಿನಲ್ಲಿ ಆ ಬಿಳಿ ಪುಡಿ ಬೀಳುತ್ತಿದೆಯೋ ಏಳುತ್ತಿದೆಯೋ ತಿಳಿಯದಂತೆ ತೇಲುತ್ತಿತ್ತು. ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಹಳೆಯ ಚರ್ಮ ಕಳಚುವ ಮುನ್ನ ಅವು ಸೊಪ್ಪು ಮುಟ್ಟದೆ, ತಲೆ ಮೇಲೆತ್ತಿ, ಅಲ್ಲಾಡದೆ ಕೂರುವ ಹೊತ್ತು. ನಿನ್ನೆಯವರೆಗೆ ಚರಚರ ಎನ್ನುತ್ತಿದ್ದ ಮನೆ ಈಗ ಯಾರೋ ಏನನ್ನೋ ಹೇಳಲು ಹೋಗಿ ಹಾಗೇ ನಿಂತುಬಿಟ್ಟಂತಿತ್ತು.

"ಅಕ್ಕಾ, ಆ ಮೂಲೆ ತಟ್ಟೆಗೆ ಜಾಸ್ತಿ ಹಾಕ್ಬೇಡ. ಹಿಟ್ಟು ಮೆತ್ತಿದ ಬೋಂಡ ಆಗ್ತವೆ," ಎಂದಳು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ ಗಂಗುಲಮ್ಮ.

"ಮಲಗಿರೋ ಮಕ್ಕಳ ಮುಂದೆ ಕೂಗ್ತೀಯಲ್ಲ ಕಣೇ. ಸುಮ್ನೆ ಕಾಲು ತೊಳ್ಕೊಂಡು ಬಾ."

ಸಾದಲಿಯ ಹೊರಗಿರುವ ಈ ಹುಳುಮನೆ ಇಬ್ಬರದೂ. ಮೇಲಿನ ಬೀದಿಯ ಅಕ್ಕಯ್ಯಮ್ಮನೂ ಕೆಳಗಿನ ಬೀದಿಯ ಗಂಗುಲಮ್ಮನೂ ಒಂದೇ ಸೂರಿನಡಿ ಹುಳು ಮೇಯಿಸುತ್ತಾರಂತೆ ಎಂದು ಊರು ಕೆಲವು ಕಾಲ ಮೂಗು ಮುರಿದು, ಆಮೇಲೆ ಮೂಗಿಗೆ ಬೇರೆ ಕೆಲಸ ಸಿಕ್ಕಿ ಸುಮ್ಮನಾಗಿತ್ತು. ಇಬ್ಬರ ಸ್ನೇಹ ಬೆಳೆದದ್ದು ವಯಸ್ಕರ ರಾತ್ರಿ ಶಾಲೆಯಲ್ಲಿ. ಜಗಲಿಗೆ ಇದ್ದದ್ದು ಒಂದೇ ಬಲ್ಬು. ಮೊದಮೊದಲು ಆ ಬೀದಿಯವರು ಆ ಕಡೆ, ಈ ಬೀದಿಯವರು ಈ ಕಡೆ ಕೂರುತ್ತಿದ್ದರು. ಆದರೆ ಅಕ್ಷರ ಕಾಣಬೇಕೆಂದರೆ ಬೆಳಕಿನ ಹತ್ತಿರ ಸರಿಯಲೇಬೇಕು. ಸರಿದು ಸರಿದು ಇವರಿಬ್ಬರ ಮೊಣಕಾಲು ಮೊಣಕಾಲಿಗೆ ತಾಗಿತ್ತು.

ಗಂಗುಲಮ್ಮ ಒಳಗೆ ಬಂದು, ಮಲಗಿದ ಹುಳುಗಳನ್ನು ನೋಡಿ, ದನಿ ತಗ್ಗಿಸಿದಳು. "ನಾಳೆ ಎದ್ದೇಳ್ತವೆ. ಎದ್ದ ಮೇಲೆ ಬಕಾಸುರನ ಹೊಟ್ಟೆ. ಅಷ್ಟರಲ್ಲಿ ಅವರು ಔಷಧಿ ಹೊಡೆದ್ರೆ?"

ಅಕ್ಕಯ್ಯಮ್ಮ ಗಂಟನ್ನು ಸುಮ್ಮನೆ ಒಂದು ಸಲ ಹೆಚ್ಚಾಗಿಯೇ ಕುಲುಕಿದಳು.

ಅವರು ಎಂದರೆ ಗುಲಾಬಿ ಕಂಪನಿಯವರು. ಇವರಿಬ್ಬರ ಹಿಪ್ಪುನೇರಳೆ ತೋಟದ ಬೇಲಿಯಾಚೆಗೆ ಬಿಳಿ ಪ್ಲಾಸ್ಟಿಕ್ ಚಪ್ಪರಗಳನ್ನು ಎಬ್ಬಿಸಿ ಗುಲಾಬಿ ಬೆಳೆಯುತ್ತಿದ್ದರು. ಚಪ್ಪರದ ಪಕ್ಕದ ಪರದೆ ಎತ್ತಿ ಔಷಧಿ ಹೊಡೆದ ದಿನ ಗಾಳಿ ಈಚೆ ಬೀಸಿದರೆ ಮುಗಿಯಿತು. ಸೊಪ್ಪು ನೋಡಲು ಎಂದಿನಂತೆಯೇ ಹಸಿರಾಗಿರುತ್ತದೆ. ತಿಂದ ಹುಳು ಮಾತ್ರ ಹಸಿರು ನೀರು ಕಾರಿ, ಹೊರಳಿ ಹೊರಳಿ ಸಾಯುತ್ತದೆ. ಹೋದ ಬೆಳೆ ಹಾಗೇ ಹೋಗಿತ್ತು. ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಬಂದ ಸಂಜೆ ಗಂಗುಲಮ್ಮ ಹೇಳಿದ್ದಳು: "ಇನ್ನೊಂದು ಸಾರಿ ನೋಡ್ತೀನಕ್ಕ. ಅದೂ ಹಿಂಗೇ ಆದ್ರೆ ನನ್ನ ತೋಟ ಕಿತ್ತಾಕಿ ಗುಲಾಬಿಯೋರಿಗೇ ಬಿಟ್ಕೊಡ್ತೀನಿ. ಅವರು ಕೇಳ್ತಾನೇ ಅವರೆ. ನನ್ನ ಕೈಯಲ್ಲಿ ಈ ಸಾವು ನೋಡೋಕಾಗಲ್ಲ."

ಗಂಗುಲಮ್ಮ ಹೇಳಿದರೆ ಮಾಡುವವಳು. ಅವಳ ತೋಟ ಹೋದರೆ ಹುಳುಮನೆಗೆ ಬೀಗ. ಅಕ್ಕಯ್ಯಮ್ಮನ ಒಂದು ತೋಟದ ಸೊಪ್ಪು ಯಾವ ಮೂಲೆಗೂ ಸಾಲದು. ಸೊಪ್ಪಿನ ಮಾತಿರಲಿ, ಬೆಳಗಾಗೆದ್ದು ಯಾರ ಜೊತೆ ಜಗಳವಾಡುವುದು?

ಬೇಕಾಗಿದ್ದದ್ದು ಇಷ್ಟೇ: ಔಷಧಿ ಹೊಡೆಯುವ ಹಿಂದಿನ ದಿನ ಒಂದು ಮಾತು. ಬೇಲಿ ಪಕ್ಕದ ಸೊಪ್ಪು ಕೊಯ್ದು ಒದ್ದೆ ಗೋಣಿ ಹೊದಿಸಿಟ್ಟು, ಹುಳುಮನೆಯ ಕಿಟಕಿ ಮುಚ್ಚಿ, ಆಮೇಲೆ ಬೇಲಿಯಿಂದ ದೂರ, ನೀರಿನ ಕುಂಟೆ ಕಡೆಯ ತೋಟದಲ್ಲಿ ಕೊಯ್ದುಕೊಂಡರಾಯಿತು. ಇದನ್ನು ಕಂಪನಿಯ ಗೇಟಿನಲ್ಲಿ ಕೂರುವ ಆವುಲಪ್ಪನಿಗೆ ಹೇಳಿಯೂ ಆಗಿತ್ತು. "ಔಷಧಿ ಹೊಡೆಯೋ ದಿನ ಚಿಕ್ಕಬಳ್ಳಾಪುರದ ಆಫೀಸಿಂದ ಬರುತ್ತೆ ಕಣಕ್ಕ. ಬಾಯಿಮಾತು ಈ ಗೇಟಲ್ಲೇ ಉಳ್ಕಂಡ್ಬಿಡುತ್ತೆ. ಬರ್ದು ಕೊಡಿ, ನಮ್ಮ ವ್ಯಾನಲ್ಲೇ ಕಳಿಸ್ತೀನಿ," ಎಂದಿದ್ದ ಅವನು.

ಬರೆದುಕೊಟ್ಟರು. ಅದರ ಉತ್ತರವೇ ಈಗ ಹುಳುಮನೆಯಿಂದ ದೂರ, ಕಾಂಪೌಂಡಿನ ಗೋಡೆಯ ಮೇಲೆ ಒಣಗಿ ಕೂತಿರುವ ಗುಲಾಬಿ ಗೊಂಚಲು.

ಆದದ್ದು ಹೀಗೆ. ಕಾಗದ ಬರೆಯುವುದೆಂದರೆ ಹೇಗೆಂದು ರಾತ್ರಿ ಶಾಲೆಯ ನಲ್ಲಪ್ಪ ಮೇಷ್ಟ್ರು ಕಲಿಸಿಯೇ ಇದ್ದರು. ಮೊದಲು ಕ್ಷೇಮ. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಆಮೇಲೆ ಅವರ ಮನೆಯವರ ಕ್ಷೇಮ, ಮಳೆ ಬೆಳೆ, ಅವರಿಂದ ಆದ ಉಪಕಾರದ ಸ್ಮರಣೆ. ಕೇಳುವ ಮಾತು ಕೊನೆಗೆ, ನಾಚುತ್ತಾ. ಅಕ್ಕಯ್ಯಮ್ಮ ಹಾಗೇ ಬರೆದಳು. ಊರ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟದ್ದನ್ನು ನೆನೆದಳು, ದೇವಸ್ಥಾನಕ್ಕೆ ಹೂವು ಕೊಟ್ಟದ್ದನ್ನು ನೆನೆದಳು, ಕಂಪನಿ ನೂರ್ಕಾಲ ಬಾಳಲಿ ಎಂದು ಹರಸಿದಳು. ಔಷಧಿಯ ಮಾತು ಕೊನೆಯ ಹಾಳೆಯ ಹಿಂಬದಿಗೆ ಹೋಯಿತು. ವಾರದೊಳಗೆ ವ್ಯಾನು ಗೊಂಚಲು ತಂದಿತು. ಜೊತೆಗೊಂದು ಚೀಟಿ: 'ತಮ್ಮ ಶುಭಾಶಯಗಳಿಗೆ ಧನ್ಯವಾದಗಳು.'

ಗಂಗುಲಮ್ಮ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಔಷಧಿ ಹೊಡೆದ ಹೂವು. ಹುಳುಮನೆಯ ಹತ್ತಿರಕ್ಕೂ ತರುವಂತಿಲ್ಲ, ಬಂದ ಮರ್ಯಾದೆಯನ್ನು ಎಸೆಯುವಂತೆಯೂ ಇಲ್ಲ.

ಈ ಸಲ ಮಹಿಳಾ ಸಂಘದ ಮುದ್ರೆ ಹಾಕಿ ಗಟ್ಟಿಯಾಗಿ ಬರೆಯೋಣ ಎಂದು ಕೂತದ್ದು ಯುಗಾದಿ ಕಳೆದ ಹೊಸತರಲ್ಲಿ. ಅಂದಿನಿಂದ ಕಾಗದ ಬೆಳೆಯುತ್ತಲೇ ಹೋಯಿತು. ಸಂಘದ ಅಮ್ಮಾಜಮ್ಮ, "ಹೆಂಗೂ ಬರೀತಾ ಇದ್ದೀಯಲ್ಲ, ಅವರ ರಸ್ತೆ ತಿರುವಲ್ಲಿ ಒಂದು ಲೈಟು ಹಾಕ್ಸಕ್ಕೆ ಹೇಳಮ್ಮ," ಎಂದಳು. ಪವಿತ್ರ ತನ್ನ ನಾದಿನಿಗೆ ಹೂ ಕಟ್ಟುವ ಕೆಲಸ ಕೇಳಿದಳು. ಇನ್ನೊಬ್ಬರಿಗೆ ಅವರ ಲಾರಿಯ ಧೂಳು, ಮತ್ತೊಬ್ಬರಿಗೆ ಚರಂಡಿ. ಬೇಡ ಅಂದರೆ ಮುನಿಸು. ಒಂದು ಸೇರಿದರೆ ಮತ್ತೆ ಓದಿಸು, ಮತ್ತೆ ತಿದ್ದು, ಮತ್ತೆ ಎಲ್ಲರ ಸಹಿ. ಕಾಗದವೇ ಜ್ವರಕ್ಕೆ ಕೂತು, ಏಳುವುದನ್ನು ಮರೆತಂತಾಗಿತ್ತು.

ಸುಣ್ಣ ಉದುರಿಸಿದ ದಿನವೇ ಮಧ್ಯಾಹ್ನ ಗಂಗುಲಮ್ಮನ ಮಗಳು ತನುಜ ಬಂದಳು. ಚಿಂತಾಮಣಿಯಲ್ಲಿ ಒಂದು ಆಫೀಸಿನಲ್ಲಿ ಬಂದ ಕಾಗದಗಳನ್ನು ಒಡೆದು, ಯಾವುದು ಯಾವ ಟೇಬಲ್ಲಿಗೆ ಎಂದು ಹಂಚುವ ಕೆಲಸ ಅವಳದು. ಅಕ್ಕಯ್ಯಮ್ಮ ಸೆರಗಿನಲ್ಲಿ ಕೈಯೊರಸಿ ಕಾಗದದ ಕಟ್ಟು ಕೊಟ್ಟಳು. ತನುಜ ಬೇವಿನ ನೆರಳಿನಲ್ಲಿ ಕೂತು ಓದತೊಡಗಿದಳು. ಎರಡನೇ ಹಾಳೆಗೆ ಬರುವ ಹೊತ್ತಿಗೆ ಆಕಳಿಸಿದಳು.

"ನೋಡು, ನಮ್ಮ ಸಂಕಟ ಇವಳಿಗೆ ಜೋಗುಳ ಆಗೈತೆ," ಎಂದಳು ಗಂಗುಲಮ್ಮ.

"ಅಯ್ಯೋ, ಇಲ್ಲ ದೊಡ್ಡಮ್ಮ, ಚೆನ್ನಾಗೇ ಬರೆದಿದ್ದೀರ," ತನುಜ ನೆಟ್ಟಗೆ ಕೂತಳು. "ಒಂದು ಕೇಳ್ತೀನಿ. ಇದನ್ನ ಓದಿ ಮಡಚಿ ಇಟ್ಮೇಲೆ ಆ ಮ್ಯಾನೇಜರು ಏನು ಮಾಡ್ಬೇಕು ಅಂತ ನಿಮಗಿದೆ?"

"ಏನು ಮಾಡ್ಬೇಕು ಅಂದ್ರೆ? ಔಷಧಿ ಹೊಡೆಯೋ ಹಿಂದಿನ ದಿನ ನಮಗೆ ಹೇಳ್ಬೇಕು."

"ಈಗ ಹೇಳಿದ್ರಲ್ಲ, ಅದೆಲ್ಲಿದೆ ಇದರಲ್ಲಿ?"

ಅಕ್ಕಯ್ಯಮ್ಮ ಕಾಗದ ತಿರುವಿದಳು. ಇತ್ತು. ಲೈಟಿಗೂ ಚರಂಡಿಗೂ ನಡುವೆ ಎಲ್ಲೋ ಒತ್ತಿಕೊಂಡು ಕೂತಿತ್ತು.

"ನಮ್ಮ ಟೇಬಲ್ಲಿಗೆ ಬೆಳಗ್ಗೆ ಒಂದು ರಾಶಿ ಬೀಳುತ್ತೆ ದೊಡ್ಡಮ್ಮ. ಯಾರದೂ ಪೂರ್ತಿ ಓದಕ್ಕಾಗಲ್ಲ. ಮೇಲಿನ ನಾಲ್ಕು ಸಾಲಲ್ಲಿ ಏನು ಕಂಡ್ರೆ ಅದೇ ಆ ಕಾಗದ. ನಿಮ್ಮದು ಕ್ಷೇಮ ಅನ್ನುತ್ತೆ. ಕ್ಷೇಮವಾಗಿರೋರಿಗೆ ನಾವೇನು ಮಾಡೋದು? ಹೂವು ಕಳಿಸ್ಬೇಕಷ್ಟೆ."

ಗಂಗುಲಮ್ಮ ಮುಖ ತಿರುಗಿಸಿ ನಕ್ಕಳು. ಅಕ್ಕಯ್ಯಮ್ಮನಿಗೆ ನಗು ಬರಲಿಲ್ಲ. "ಹಂಗಂತ ನಮಸ್ಕಾರ ಇಲ್ಲ, ಕ್ಷೇಮ ಇಲ್ಲ, ಕಾಲು ತೊಳೀದೆ ಇನ್ನೊಬ್ಬರ ಮನೆಗೆ ನುಗ್ಗಿದಂಗೆ ಬರೀಬೇಕಾ? ಮೇಷ್ಟ್ರು ಅದನ್ನ ಕಲಿಸಿಲ್ಲ ನಮಗೆ."

"ಮೇಷ್ಟ್ರು ಕಲಿಸಿದ್ದು ಮಗಳಿಗೆ ಬರೆಯೋ ಕಾಗದ. ಅದಕ್ಕೆ ಅದೇ ಸರಿ, ನನಗೂ ಹಂಗೇ ಬರೀರಿ. ಇದು ಬೇರೆ." ತನುಜ ಎದ್ದು, "ಹುಳ ಏಳೋದು ನಾಳೇನೇ ಅಂತೆ. ಹೆಂಗಾದ್ರೂ ಇವತ್ತು ಕಳಿಸ್ಬಿಡಿ," ಎಂದು ತಾಯಿಯ ಜೊತೆ ಊಟಕ್ಕೆ ಹೊರಟಳು.

ಅಕ್ಕಯ್ಯಮ್ಮ ಒಬ್ಬಳೇ ಹುಳುಮನೆಯೊಳಗೆ ಗೋಡೆಗೊರಗಿ ಕೂತಳು. ಮಡಿಲಲ್ಲಿ ಕಾಗದದ ಕಟ್ಟು. ಸುತ್ತ ತಲೆಯೆತ್ತಿ ಮಲಗಿದ ಸಾವಿರ ಸಾವಿರ ಹುಳು. ಗೋಣಿಯ ತೇವದ ವಾಸನೆ, ಸುಣ್ಣದ ವಾಸನೆ. ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ.

ಬಸ್ಸು ನಿಂತಿತ್ತು. ಬೋರ್ಡಿನಲ್ಲಿ 'ಚಿಕ್ಕಬಳ್ಳಾಪುರ' ಎಂದು ಅವಳದೇ ಕೈಬರಹ. ಒಳಗೆ ಕಾಲಿಡಲು ಜಾಗವಿಲ್ಲ. ಅವಳು ಬರೆದ ಮಾತುಗಳೆಲ್ಲ ಹತ್ತಿ ಕೂತಿದ್ದವು, ಒಂದೊಂದೂ ನೆಂಟರ ವೇಷದಲ್ಲಿ. ಮುಂದಿನ ಸೀಟಿನಲ್ಲಿ ಕ್ಷೇಮ ಸಮಾಚಾರ, ಜರತಾರಿ ಪೇಟ ಸುತ್ತಿಕೊಂಡು, ತಾಂಬೂಲ ಜಗಿಯುತ್ತಾ. ಅವನ ಪಕ್ಕ ಮಳೆ ಬೆಳೆ, ಕೊಡೆ ಹಿಡಿದು. ಹರಕೆಗಳೆಲ್ಲ ಮದುವೆಗೆ ಹೊರಟ ಮುತ್ತೈದೆಯರಂತೆ ಒಂದೇ ಸಾಲಿನಲ್ಲಿ. ಬೀದಿದೀಪ ಕಂಬದ ಸಮೇತ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿತ್ತು. ಚರಂಡಿ ಹಿಂದಿನ ಸೀಟಿನಲ್ಲಿ ಹರಿಯುತ್ತಾ ಎಲ್ಲರೂ ಕಾಲೆತ್ತಿ ಕೂರುವಂತೆ ಮಾಡಿತ್ತು. ಧೂಳು ಎಲ್ಲರ ಮಡಿಲಲ್ಲೂ ಇತ್ತು.

ಬಸ್ಸು ಹೊರಟಿತು. ಏರು ಬಂದಿತು. ಏರಲಾರದೆ ನಿಂತು, ಏದುಸಿರು ಬಿಟ್ಟಿತು. ಕೊರಳಿಗೆ ಚೀಲ ನೇತುಹಾಕಿಕೊಂಡ ಕಂಡಕ್ಟರು ತಾನೇ ಎಂದು ಅಕ್ಕಯ್ಯಮ್ಮನಿಗೆ ಆಗ ತಿಳಿಯಿತು.

"ಯಾರಾದ್ರೂ ಇಳೀರಪ್ಪ," ಎಂದಳು.

ಯಾರೂ ಅಲುಗಲಿಲ್ಲ.

"ನೀವೆಲ್ಲಿಗೆ ಹೋಗ್ಬೇಕು?" ಎಂದು ಕೇಳಿದಳು. ಆಗ ಗೊತ್ತಾಯಿತು, ಒಬ್ಬೊಬ್ಬರದೂ ಒಂದೊಂದು ಊರು. ಬೀದಿದೀಪಕ್ಕೆ ಪಂಚಾಯಿತಿಗೆ ಹೋಗಬೇಕಿತ್ತು. ಚರಂಡಿಯನ್ನೂ ಧೂಳನ್ನೂ ಜೊತೆಗೆ ಕರೆದುಕೊಂಡು ಸಾದಲಿಯ ಗಡಿಯಲ್ಲೇ ಇಳಿಯಿತು. ಪವಿತ್ರಳ ನಾದಿನಿಯ ಕೆಲಸಕ್ಕೆ ಬೇರೆ ಕಾಗದವೇ ಬೇಕಿತ್ತಂತೆ. ಶಿಡ್ಲಘಟ್ಟದಲ್ಲಿ ಇಳಿದು ಬಳೆ ಅಂಗಡಿಯತ್ತ ಹೋಯಿತು. ಹರಕೆಗಳು ಮುರುಗಮಲ್ಲದಲ್ಲಿ ಇಳಿದವು. ಅಲ್ಲಿ ದರ್ಗಾದ ಮುಂದೆ ಬೇಡಿಕೊಳ್ಳುವವರ ನಡುವೆ ತಮಗೆ ಜಾಗವಿದೆ ಎಂದವು. ಮುರುಗಮಲ್ಲ ಆ ದಾರಿಯಲ್ಲೇ ಇಲ್ಲ, ಆದರೆ ಕನಸಿನ ಬಸ್ಸಿಗೆ ದಾರಿಯ ಗೊಡವೆ ಏಕೆ? ಪೆರೇಸಂದ್ರದಲ್ಲಿ ಮಳೆ ಬೆಳೆ ಕೊಡೆ ಬಿಚ್ಚಿಕೊಂಡು ಇಳಿಯಿತು. ಕ್ಷೇಮ ಸಮಾಚಾರ ಮಾತ್ರ ಜಗ್ಗಲಿಲ್ಲ. "ನಾನಿಲ್ಲದೆ ಹೆಂಗೆ ಹೋಗ್ತೀಯಮ್ಮ? ಬಾಗಿಲು ತಟ್ಟೋರು ಯಾರು?" ಎಂದ. ಅಕ್ಕಯ್ಯಮ್ಮ ಯೋಚಿಸಿ, "ನಿನ್ನ ಪೇಟ ಇಲ್ಲಿ ಬಿಡು, ಬರೀ ಕೈ ಮುಗಿಯೋಕೆ ಬಾ," ಎಂದಳು. ಅವನು ಪೇಟ ತೆಗೆದೊಡನೆ ಸಣ್ಣಗೆ, ಹಗುರಾಗಿ, ಒಂದು ನಮಸ್ಕಾರದಷ್ಟೇ ಆಗಿಬಿಟ್ಟ.

ಬಸ್ಸು ಹಗುರಾಯಿತು. ಆ ನಮಸ್ಕಾರವಲ್ಲದೆ ಇನ್ನೂ ಇಬ್ಬರಿದ್ದರು.

ಒಬ್ಬರು ಅವಳ ಗಂಡ ಚನ್ನಕೇಶವಯ್ಯ. ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಹಿಪ್ಪುನೇರಳೆ ಕಡ್ಡಿಗಳ ಕಟ್ಟು ಇಟ್ಟುಕೊಂಡಿದ್ದರು. ಅವರನ್ನು ಬಸ್ಸಿಗೆ ಹತ್ತಿಸಿದ್ದು ಒಂದು ವಾಕ್ಯ: 'ಬೇಲಿ ಪಕ್ಕದ ಸಾಲನ್ನು ನಮ್ಮ ಯಜಮಾನರು ಕೈಯಾರೆ ನೆಟ್ಟರು, ಅದರ ಮೊದಲ ಸೊಪ್ಪು ಕೊಯ್ಯುವ ಹೊತ್ತಿಗೆ ಅವರಿರಲಿಲ್ಲ.' ಯಾರೂ ಹೇಳಿಕೊಡದೆ, ಎಲ್ಲಿಂದಲೂ ನೋಡಿ ಬರೆಯದೆ, ಅಕ್ಕಯ್ಯಮ್ಮ ಜೀವಮಾನದಲ್ಲಿ ತಾನೇ ಕಟ್ಟಿದ ವಾಕ್ಯ. ಅದನ್ನು ಬರೆದ ದಿನ ಎಷ್ಟು ಸಲ ಓದಿಕೊಂಡಿದ್ದಳೋ.

"ನಿಮ್ಮನ್ನ ಇಳೀರಿ ಅನ್ನಲ್ಲ," ಎಂದಳು.

ಅವರು ನಕ್ಕರು. "ನನಗೇನು ಕೆಲಸ ಮಾರಾಯ್ತಿ ಆ ಆಫೀಸಲ್ಲಿ? ಅವರ ಫ್ಯಾನ್ ಗಾಳಿ ನನಗಾಗಲ್ಲ. ತೋಟದಲ್ಲಿರ್ತೀನಿ, ಬೇಕಾದಾಗ ಬಾ." ಕಡ್ಡಿಗಳ ಕಟ್ಟು ಹೆಗಲಿಗೇರಿಸಿ, ಓಡುತ್ತಿದ್ದ ಬಸ್ಸಿನಿಂದ ನೆಲಕ್ಕೆ ಇಳಿದೇ ಇಲ್ಲವೇನೋ ಎಂಬಷ್ಟು ಮೆತ್ತಗೆ ಇಳಿದು, ಹಸಿರಿನಲ್ಲಿ ಹಸಿರಾದರು.

ಕೊನೆಗೆ ಉಳಿದವಳು ಒಬ್ಬಳು. ಒದ್ದೆ ಗೋಣಿ ಹೊದ್ದು ಮೂಲೆಯಲ್ಲಿ ಕೂತ ಹೆಂಗಸು. ಇಷ್ಟು ಹೊತ್ತು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನೀನೆಲ್ಲಿಗಮ್ಮ?"

"ಚಿಕ್ಕಬಳ್ಳಾಪುರಕ್ಕೆ. ಹಿಂದಿನ ದಿನ ಹೇಳಿ ಅಂತ ಹೇಳ್ಬೇಕು. ಅಷ್ಟೇ ನನ್ನ ಕೆಲಸ."

"ಮುಂದೆ ಬಾ," ಎಂದಳು ಅಕ್ಕಯ್ಯಮ್ಮ. "ಮುಂದಿನ ಸೀಟು ನಿಂದೇ."

ಎಚ್ಚರವಾದಾಗ ಬಿಸಿಲಿನ ಕೋಲು ಗೋಡೆಯ ಮೇಲಕ್ಕೆ ಸರಿದಿತ್ತು. ಹುಳುಗಳು ಹಾಗೇ ಇದ್ದವು. ಅಕ್ಕಯ್ಯಮ್ಮ ಹೊರಗೆ ಬಂದಳು. ಬಾಗಿಲಲ್ಲಿ ಕಾಲು ತೊಳೆಯಲೆಂದು ಇಟ್ಟ ಬಕೀಟು, ಅದರ ಮೇಲೆ ತೇಲುವ ಚೊಂಬು. ಒಳಗೆ ಬರುವಾಗಲೆಲ್ಲ ಅವಳು ಸುರಿದುಕೊಳ್ಳುತ್ತಿದ್ದದ್ದು ಒಂದು ಚೊಂಬು ನೀರು. ಬಾಗಿಲಲ್ಲಿ ಕೂತು ಯಾರೂ ಅಭ್ಯಂಜನ ಮಾಡುವುದಿಲ್ಲ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, ಬೇವಿನ ಕೆಳಗೆ ಕೂತು, ಹೊಸ ಹಾಳೆ ತೆಗೆದಳು. ನಿಧಾನಕ್ಕೆ, ಪೆನ್ನು ಒತ್ತಿ ಒತ್ತಿ ಬರೆದಳು. ಒಂದು ಸಾಲಿಗೆ ಬಂದಾಗ ಕೈ ತಾನಾಗಿಯೇ 'ನಮ್ಮ ಯಜಮಾನರು' ಎಂದು ಮೂಡಿಸಹೊರಟಿತು. ಪೆನ್ನು ಎತ್ತಿ ಹಿಡಿದು, ತೋಟದ ಕಡೆ ನೋಡಿ, ಮುಂದಕ್ಕೆ ಹೋದಳು.

ಊಟ ಮುಗಿಸಿ ಬಂದ ಗಂಗುಲಮ್ಮ ಹಾಳೆ ಕಸಿದುಕೊಂಡು ಗಟ್ಟಿಯಾಗಿ ಓದಿದಳು.

'ವ್ಯವಸ್ಥಾಪಕರಾದ ರಮೇಶ್‌ಬಾಬು ಅವರಿಗೆ ನಮಸ್ಕಾರ.

ನಿಮ್ಮ ಸಾದಲಿ ತೋಟದಲ್ಲಿ ಔಷಧಿ ಹೊಡೆಯುವ ಹಿಂದಿನ ದಿನ ದಯವಿಟ್ಟು ನಮಗೆ ತಿಳಿಸಬೇಕು.

ನಿಮ್ಮ ಬೇಲಿಯ ಪಕ್ಕದಲ್ಲೇ ನಮ್ಮ ಹಿಪ್ಪುನೇರಳೆ ಇದೆ. ಗಾಳಿಗೆ ಔಷಧಿ ಸೊಪ್ಪಿನ ಮೇಲೆ ಬೀಳುತ್ತದೆ. ಅದನ್ನು ತಿಂದರೆ ರೇಷ್ಮೆಹುಳು ಸಾಯುತ್ತವೆ. ಹೋದ ಬೆಳೆ ಹೀಗೇ ಪೂರ್ತಿ ಸತ್ತಿತು. ಮುಂಚೆ ತಿಳಿದರೆ ಸೊಪ್ಪು ಕೊಯ್ದು ಒಳಗಿಟ್ಟುಕೊಳ್ಳುತ್ತೇವೆ.

ನಿಮ್ಮ ಗೇಟಿನ ಆವುಲಪ್ಪನವರಿಗೆ ಫೋನು ಮಾಡಿದರೆ ಸಾಕು, ಅವರು ನಮ್ಮನ್ನು ಕೂಗಿ ಹೇಳುತ್ತಾರೆ. ಈಗಿನ ಹುಳು ನಾಳೆ ಜ್ವರದಿಂದ ಏಳುತ್ತವೆ. ಆದ್ದರಿಂದ ಈ ವಾರದಿಂದಲೇ ತಿಳಿಸಿರಿ.

ಇಂತಿ, ಅಕ್ಕಯ್ಯಮ್ಮ, ಗಂಗುಲಮ್ಮ.'

ಗಂಗುಲಮ್ಮ ಹಾಳೆ ತಿರುಗಿಸಿ ಹಿಂಬದಿ ನೋಡಿದಳು. ಖಾಲಿ. "ಅಂತೇನಾ? ಇಷ್ಟೇನಾ?" ಎಂದಳು, ತೆಲುಗೂ ಕನ್ನಡವೂ ಒಟ್ಟಿಗೆ ಬಾಯಿಗೆ ಬಂದು. "ಲೈಟು? ಅಮ್ಮಾಜಮ್ಮ ಬಿಡ್ತಾಳಾ ನಿನ್ನ?"

"ಲೈಟು ಪಂಚಾಯಿತಿಗೆ. ಅವಳ ಜೊತೆ ನಾನೇ ಹೋಗಿ ಬರ್ಕೊಡ್ತೀನಿ."

"ಮತ್ತೆ ಭಾವನ ಮಾತು? ಅದೊಂದು ಎಷ್ಟು ಚೆನ್ನಾಗಿತ್ತಕ್ಕ."

"ಅದು ಆ ಸಾಹೇಬನಿಗ್ಯಾಕೆ? ನಿನಗೆ ಗೊತ್ತಲ್ಲ, ಸಾಕು." ಅಕ್ಕಯ್ಯಮ್ಮ ಸೆರಗಿನಿಂದ ಮೂಗೊರಸಿಕೊಂಡಳು. "ಸಹಿ ಹಾಕು ಮೊದಲು, ವ್ಯಾನು ಹೊರಡೋ ಹೊತ್ತು."

ಗಂಗುಲಮ್ಮ ನಾಲಿಗೆ ಕಚ್ಚಿಕೊಂಡು, ಒಂದೊಂದಕ್ಷರವನ್ನೂ ಸಸಿ ನೆಟ್ಟಂತೆ ನೆಟ್ಟಳು.

ಇಳಿಹೊತ್ತಿನ ಬೆಳಕಿನಲ್ಲಿ ಗುಲಾಬಿ ಚಪ್ಪರಗಳು ನೆಲಕ್ಕಿಳಿದ ಮೋಡಗಳಂತೆ ಕಾಣುತ್ತಿದ್ದವು. ಗೇಟಿನಲ್ಲಿ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ತಣ್ಣನೆಯ ಕತ್ತಲು, ಬಕೀಟುಗಳಲ್ಲಿ ಮೊಗ್ಗಾಗಿಯೇ ಮಲಗಿದ ಹೂವು.

ಆವುಲಪ್ಪ ಕಾಗದವನ್ನು ಅಂಗೈಯಲ್ಲಿ ತೂಗಿ ನೋಡಿದ. "ಇದೇನಕ್ಕ ಇಷ್ಟು ತೆಳ್ಳಗೈತೆ? ಹೋದ್ಸಾರಿ ಮೂರು ಮದುವೆ ಲಗ್ನಪತ್ರಿಕೆ ಇದ್ದಂಗಿತ್ತು."

"ಹೋದ್ಸಾರಿ ನೆಂಟರೆಲ್ಲ ಬಂದಿದ್ರಪ್ಪ. ಈ ಸಾರಿ ಒಬ್ಬಳನ್ನೇ ಕಳಿಸ್ತಿದ್ದೀನಿ."

ಅವನಿಗೆ ಅರ್ಥವಾಗಲಿಲ್ಲ. ಡ್ರೈವರ್ ಮೋಹನ್‌ಬಾಬು ಬೀಡಿ ಆರಿಸಿ, ಕೈ ಪ್ಯಾಂಟಿಗೊರಸಿ, ಹಾಳೆ ಇಸಿದುಕೊಂಡು ನಿಂತಲ್ಲೇ ಓದಿದ. ಓದಿ ಮುಗಿಸಲು ಹೆಚ್ಚು ಹೊತ್ತಾಗಲಿಲ್ಲ. ತಲೆಯೆತ್ತಿ ಅವರನ್ನು ನೋಡಿದ.

"ಅಲ್ಲಜ್ಜಿ, ಔಷಧಿ ಡ್ರಮ್ಮು ನಾನೇ ತರೋದು. ಗುರುವಾರಕ್ಕೆ ಬರ್ಬೇಕು ಅಂತ ಇವತ್ತು ಬೆಳಗ್ಗೆನೂ ಹೇಳಿದ್ರು. ಇಷ್ಟೇ ವಿಷ್ಯ ಇದ್ದಿದ್ರೆ ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

ಅಕ್ಕಯ್ಯಮ್ಮನೂ ಗಂಗುಲಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಟಪಾಲಿನ ಡಬ್ಬಿಗೆ ಹಾಕಲ್ಲ ಬಿಡಿ. ಸಾಹೇಬ್ರ ಕೈಗೇ ಕೊಡ್ತೀನಿ," ಎಂದ ಅವನು. ಹಿಂದೆ ಹೂವಿನ ಜೊತೆ ಇಡಲು ಹೋದವನು, ಏನೋ ಯೋಚಿಸಿ, ಹಾಳೆಯನ್ನು ಮುಂದಕ್ಕೆ ತಂದು, ತನ್ನ ಸೀಟಿನೆದುರು ಗಾಜಿನ ಬಳಿ ನೆಟ್ಟಗೆ ನಿಲ್ಲಿಸಿದ.

ವ್ಯಾನು ಗೇಟು ದಾಟಿ ರಸ್ತೆಗೆ ತಿರುಗಿತು. ತಿರುಗುವಾಗ ಇಳಿಬಿಸಿಲು ಗಾಜಿಗೆ ಬಡಿದು, ಮುಂದಿನ ಸೀಟಿನ ಹತ್ತಿರ ಒಂದು ಬಿಳಿ ಚೌಕ ಫಳಕ್ಕನೆ ಹೊಳೆಯಿತು. ಅಕ್ಕಯ್ಯಮ್ಮ ತನಗೇ ತಿಳಿಯದೆ, ಬಸ್ಸು ಬಿಡುವ ಕಂಡಕ್ಟರಂತೆ ಅಂಗೈಯಿಂದ ಗಾಳಿಯನ್ನು ಎರಡು ಸಲ ತಟ್ಟಿದಳು. ವ್ಯಾನು ಏರು ಹತ್ತಿತು, ನಿಲ್ಲದೆ.